ಅಡಿಕೆ ಸುಲಿಯುವಾಗ ಆಡಬೇಕಾದ ಮಾತು: ಹದಿಹರೆಯದ ಮಕ್ಕಳು ಅಮಲಿಗೆ ಬೀಳದಂತೆ ನೋಡಿಕೊಳ್ಳುವುದು ಹೇಗೆ?

ಕಾಸರಗೋಡಿನ ಗೋಡೆಗಳ ಮೇಲೆ ಈಗ 'ಲಹರಿ' ಎಂಬ ಪದ ಜಾಸ್ತಿ ಕಾಣಿಸುತ್ತದೆ. ಮಲಯಾಳದಲ್ಲಿ ಅದಕ್ಕೆ ಅಮಲು ಎಂದು ಅರ್ಥ. ಕನ್ನಡದಲ್ಲಿ ಲಹರಿ ಎಂದರೆ ಹಾಡಿಗೋ ಹರಟೆಗೋ ಒಪ್ಪುವ ಚಂದದ ಪದ. "ಲಹರಿ ಬೇಡ ಅಂತ ಯಾಕೆ ಬರೆದಿದ್ದಾರೆ ಮಾಷ್ಟ್ರೇ?" ಎಂದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದಳು. ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ಇವಳಿಗೆ ಇದನ್ನು ಮನೆಯಲ್ಲಿ ಯಾರೂ ಹೇಳಿಲ್ಲ ಅಲ್ವಾ? ಬೋರ್ಡು, ಜಾಥಾ, ಪ್ರತಿಜ್ಞೆ ಎಲ್ಲ ನಡೆಯುತ್ತದೆ. ಊಟಕ್ಕೆ ಕೂತಾಗ ಮಾತ್ರ ಈ ವಿಷಯ ಬರುವುದಿಲ್ಲ.

ಬದಿಯಡ್ಕ ಕಡೆ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಕಂಡದ್ದರಲ್ಲಿ ಮನೆಯವರ ಕೈಲಾಗುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

1. ಮೊದಲು ಚಾವಡಿಯನ್ನು ನೋಡಿ

ಅಮಲು ಹೊರಗಿನಿಂದ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಬಂದವರ ಮುಂದೆ ಇಡುವ ಹರಿವಾಣದಲ್ಲಿ ಏನಿರುತ್ತದೆ? ಎಲೆ, ಅಡಿಕೆ, ಸುಣ್ಣ, ಜೊತೆಗೆ ಹೊಗೆಸೊಪ್ಪು. ನಮ್ಮ ಜಿಲ್ಲೆಯ ಪಳ್ಳಿಕ್ಕೆರೆ ಕಡೆ ಹಿಂದೆ ಹೊಗೆಸೊಪ್ಪನ್ನೇ ಬೆಳೆಯುತ್ತಿದ್ದರು. ನಮಗದು ಹೊಸದಲ್ಲ. "ಸ್ವಲ್ಪ ಬಾಯಿಗೆ ಹಾಕು, ಏನಾಗುವುದಿಲ್ಲ" ಎಂದು ಅಜ್ಜ ತಮಾಷೆಗೆ ಕೊಟ್ಟದ್ದೇ ಮೊದಲ ರುಚಿಯಾದ ಮಕ್ಕಳನ್ನು ನಾನು ಕಂಡಿದ್ದೇನೆ. ಆ ತಮಾಷೆ ಕಾನೂನಿನ ಕಣ್ಣಿಗೆ ತಪ್ಪು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಡಾಕ್ಟರ ಸಲಹೆ ಇಲ್ಲದೆ ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಅಡಿಕೆಯ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನನ್ನದೂ ಅಡಿಕೆ ತೋಟವೇ. ಆದರೂ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೆಳೆಯುವುದು ಬೇರೆ, ಮಕ್ಕಳ ಬಾಯಿಗೆ ಹಾಕುವುದು ಬೇರೆ.

ಹಾಗೆಯೇ ಅಜ್ಜಿಯ ನಿದ್ದೆ ಮಾತ್ರೆ, ಬೆನ್ನುನೋವಿನ ಪವರಿನ ಮಾತ್ರೆ, ಕೆಮ್ಮಿನ ಸಿರಪ್ ಎಲ್ಲಿವೆ ನೋಡಿ. ಎಣಿಸಿ, ಬೀಗವಿರುವ ಕಪಾಟಿನಲ್ಲಿಡಿ. ಥಿನ್ನರ್, ಅಂಟು, ಪೆಟ್ರೋಲು ಮಕ್ಕಳ ಕೋಣೆಯ ಹತ್ತಿರ ಬೇಡ. ಏಮ್ಸ್‌ನವರು ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ಮೂಸಿ ಎಳೆಯುವ ಇಂಥ ವಸ್ತುಗಳ ಬಳಕೆ ದೊಡ್ಡವರಿಗಿಂತ 10ರಿಂದ 17 ವರ್ಷದವರಲ್ಲೇ ಹೆಚ್ಚು ಕಂಡಿತ್ತು. ಇವನ್ನು ಒಮ್ಮೆ ಮೂಸಿದಾಗಲೇ ಹೃದಯ ನಿಂತುಹೋಗುವುದೂ ಉಂಟು.

2. ಕೈಗೆ ಕೆಲಸ ಕೊಟ್ಟು ಮಾತು ಶುರು ಮಾಡಿ

"ಬಾ ಇಲ್ಲಿ, ನಿನ್ನ ಹತ್ತಿರ ಮಾತಾಡಬೇಕು" ಎಂದು ಕುರ್ಚಿ ಹಾಕಿ ಕೂರಿಸಿದರೆ ಮಾತು ಅಲ್ಲಿಗೇ ಸತ್ತಿತು. ಅಡಿಕೆ ಸುಲಿಯುವಾಗ, ಹಲಸಿನ ಸೊಳೆ ಬಿಡಿಸುವಾಗ, ಸ್ಕೂಟರಿನಲ್ಲಿ ಹೋಗುವಾಗ ಮಾತಾಡಿ. ಆಗ ಮುಖ ನೋಡಬೇಕಾಗಿಲ್ಲ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಐದೋ ಆರೋ ಕ್ಲಾಸಿನಲ್ಲಿರುವಾಗಲೇ ಶುರು ಮಾಡಬಹುದು. ಪ್ಲಸ್ ಟುಗೆ ಬಂದ ಮೇಲೆ ನಾವು ಹೇಳುವ ಹೊತ್ತಿಗೆ ಅವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.

"ನೀನು ಮಾಡ್ತೀಯಾ?" ಎಂದು ಕೇಳಬೇಡಿ. "ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಹುಡುಗರು ತುಟಿಯೊಳಗೆ ಏನೋ ಇಟ್ಟುಕೊಳ್ಳುತ್ತಾರಂತೆ, ಏನದು ಮಗಾ?" ಎಂದು ಕೇಳಿ. ಅವನು ಹೇಳಿದ್ದಕ್ಕೆ ಹೌಹಾರಬೇಡಿ. ಪೆನ್ನಿನಂತೆ ಕಾಣುವ ಇ-ಸಿಗರೇಟಿನ ಸುದ್ದಿಯೂ ಬರಬಹುದು. 2019ರಿಂದ ಅದರ ಮಾರಾಟಕ್ಕೆ ದೇಶದಲ್ಲೇ ನಿಷೇಧವಿದೆ ಎಂದು ನೀವು ಹೇಳಬಹುದು.

ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ. "ಗಾಂಜಾ ಗಿಡ ಅಲ್ವಾ ಅಪ್ಪಾ, ಗಿಡದಲ್ಲಿ ಏನು ತೊಂದರೆ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕಾಸರಕವೂ ಮರವೇ. ನಮ್ಮೂರಿಗೆ ಹೆಸರು ಬಂದದ್ದು ಆ ಮರದಿಂದಲೇ ಎನ್ನುವವರಿದ್ದಾರೆ. ಅದರ ಬೀಜ ತಿಂದರೆ ಮನುಷ್ಯ ಉಳಿಯುವುದಿಲ್ಲ.

"ದೊಡ್ಡವರು ಕುಡಿಯಬಹುದು, ನಾವು ಯಾಕೆ ಬೇಡ?" ಎಂಬುದು ಇನ್ನೂ ಕಷ್ಟದ್ದು. ದೊಡ್ಡವರು ಕುಡಿಯುವುದು ಸರಿ ಎಂದು ವಾದಿಸಬೇಡಿ, ಸೋಲುತ್ತೀರಿ. ಅಂಗಳದ ಅಡಿಕೆಯನ್ನು ತೋರಿಸಿ. ಚಾಲಿ ಆಗಲು ಅದು ಸುಮಾರು 40 ದಿನ ಬಿಸಿಲು ತಿನ್ನಬೇಕು. ನಡುವೆ ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿಯುತ್ತದೆ. ಮಿದುಳು ಕೂಡ ಹಾಗೆಯೇ. ಯೋಚಿಸಿ ತೀರ್ಮಾನಿಸುವ ಭಾಗ ಬಲಿಯಲು ಸುಮಾರು 25 ವರ್ಷ ಬೇಕು. ಗಾಂಜಾವನ್ನು ಎಷ್ಟು ಎಳೆಯ ವಯಸ್ಸಿನಲ್ಲಿ ಶುರು ಮಾಡುತ್ತಾರೋ ಚಟ ಹತ್ತುವ, ಮನಸ್ಸು ಹದಗೆಡುವ ಅಪಾಯ ಅಷ್ಟು ಹೆಚ್ಚು.

3. 'ಪಂಪ್' ಸಂದೇಶ ಮಾಡಿಕೊಳ್ಳಿ

ಮೊದಲ ಸಲ ಕೊಡುವವನು ಗುರುತಿಲ್ಲದ ಕಳ್ಳನಲ್ಲ. ಕ್ರಿಕೆಟ್ ಟೀಮಿನ ಗೆಳೆಯ, ದೊಡ್ಡಪ್ಪನ ಮಗ, ಮಂಗಳೂರಿನ ಟ್ರೈನಿನಲ್ಲಿ ದಿನಾ ಜೊತೆಗೆ ಹೋಗುವ ಸೀನಿಯರ್. "ಸುಮ್ನೆ ಒಮ್ಮೆ ನೋಡು ಮಾರಾಯ" ಎನ್ನುತ್ತಾನೆ. ಅಲ್ಲಿ 14ರ ಹುಡುಗ ಭಾಷಣ ಮಾಡಲಾರ. ಅವನಿಗೆ ನೆಪ ಬೇಕು. "ನಂಗೆ ಉಬ್ಬಸ ಉಂಟು", "ನಾಳೆ ಟೂರ್ನಮೆಂಟ್" ಎಂಬಂಥ ಎರಡು ನೆಪಗಳನ್ನು ಮನೆಯಲ್ಲೇ ಬಾಯಿಪಾಠ ಮಾಡಿಸಿ. ನೀವೇ ಗೆಳೆಯನಾಗಿ ನಟಿಸಿ. ನಗು ಬಂದರೂ ಅಭ್ಯಾಸ ಆಗಿರುತ್ತದೆ.

ನೆಪ ಸಾಲದಿದ್ದರೆ? ಪೆರ್ಲ ಕಡೆಯ ಒಂದು ಮನೆಯಲ್ಲಿ ಚಂದದ ಏರ್ಪಾಡು ನೋಡಿದೆ. ಮಗ "ತೋಟದ ಪಂಪ್ ಆಫ್ ಮಾಡಿದ್ರಾ?" ಎಂದು ಮೆಸೇಜು ಹಾಕಿದರೆ ಅಪ್ಪ ಕೂಡಲೇ ಫೋನ್ ಮಾಡುತ್ತಾರೆ. "ಪಂಪ್ ಕೆಟ್ಟಿದೆ, ಈಗಲೇ ಬಾ" ಎಂದು ಪಕ್ಕದವರಿಗೂ ಕೇಳುವಷ್ಟು ದೊಡ್ಡದಾಗಿ ಗದರುತ್ತಾರೆ. ಹುಡುಗ ಮುಖ ಉಳಿಸಿಕೊಂಡು ಎದ್ದು ಬರುತ್ತಾನೆ. ಕರಾರು ಒಂದೇ: ಆ ರಾತ್ರಿ ಬೈಗುಳ ಇಲ್ಲ. ಮಾತೇನಿದ್ದರೂ ಮರುದಿನ. ಈ ಕರಾರನ್ನು ಒಮ್ಮೆ ನೀವು ಮುರಿದರೆ ಎರಡನೇ ಸಲ ಮೆಸೇಜು ಬರುವುದಿಲ್ಲ. ಭೂತಕೋಲಕ್ಕೋ ಯಕ್ಷಗಾನ ಆಟ ನೋಡಲಿಕ್ಕೋ ರಾತ್ರಿ ಹೋದಾಗ ಕುಡಿದವನ ಬೈಕಿನಲ್ಲಿ ವಾಪಸು ಬರುವ ಅಪಾಯಕ್ಕೂ ಇದೇ ಉಪಾಯ. ಹಾಂ, 18 ಆಗದ ಮಗನಿಗೆ ನೀವೇ ಬೈಕಿನ ಕೀ ಕೊಟ್ಟರೆ 25,000 ರೂಪಾಯಿ ದಂಡ, ಮೇಲೆ ಜೈಲೂ ಆಗಬಹುದು.

4. ಪೊಟ್ಟಣ ಸಾಗಿಸುವ ಕೆಲಸ ಬೇಡ

ಗಡಿ ಊರಿನ ಮಕ್ಕಳಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಸೇದದ, ಕುಡಿಯದ ಹುಡುಗನಿಗೂ "ಈ ಪೊಟ್ಟಣ ಉಪ್ಪಳದಲ್ಲಿ ಒಬ್ಬರಿಗೆ ಕೊಟ್ಟು ಬಾ, 500 ಕೊಡ್ತೇನೆ" ಎಂಬ ಆಸೆ ತೋರಿಸುತ್ತಾರೆ. ದಿನಾ ತಲಪಾಡಿ ದಾಟುವ ಸ್ಕೂಲ್ ಬ್ಯಾಗಿನ ಮೇಲೆ ಅನುಮಾನ ಕಡಿಮೆ ಎಂಬ ಲೆಕ್ಕ. ಎಂಡಿಎಂಎ ಎಂಬ ರಾಸಾಯನಿಕ ಅಮಲು ವಸ್ತು 10 ಗ್ರಾಂ ಇದ್ದರೆ ಸಾಕು, ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ವ್ಯಾಪಾರದ ಪ್ರಮಾಣ. ಎರಡು ಟೀ ಚಮಚ ಸಕ್ಕರೆಯಷ್ಟು. ಶಿಕ್ಷೆ ಕನಿಷ್ಠ 10 ವರ್ಷ. 16 ತುಂಬಿದವನನ್ನು ದೊಡ್ಡವನಂತೆಯೇ ವಿಚಾರಣೆ ಮಾಡಲೂ ಕಾನೂನಿನಲ್ಲಿ ದಾರಿ ಇದೆ. ಬ್ಯಾಂಕ್ ಖಾತೆಯನ್ನೋ ಸಿಮ್ಮನ್ನೋ "ಎರಡು ದಿನಕ್ಕೆ ಕೊಡು" ಎಂದರೂ ಕೊಡಬಾರದು.

5. ಅನುಮಾನ ಬಂದರೆ ಆ ದಿನ ಸುಮ್ಮನಿರಿ

ಗಾಂಜಾ ಸೇದಿದಾಗ ಕಣ್ಣು ಕೆಂಪಗಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ. ಎಂಡಿಎಂಎಯಂಥದ್ದು ತೆಗೆದುಕೊಂಡವರಿಗೆ ನಿದ್ದೆಯೂ ಇಲ್ಲ, ಹಸಿವೂ ಇಲ್ಲ, ಹಲ್ಲು ಕಡಿಯುತ್ತಿರುತ್ತಾರೆ. ಆದರೆ ಇಡೀ ಮಧ್ಯಾಹ್ನ ಕೆರೆಯಲ್ಲಿ ಈಜಿದವನ ಕಣ್ಣೂ ಕೆಂಪೇ. ಒಂದು ಗುರುತು ನೋಡಿ ತೀರ್ಪು ಕೊಡಬೇಡಿ. ಹಳೆಯ ಗೆಳೆಯರನ್ನು ಬಿಟ್ಟದ್ದು, ಇಷ್ಟದ ಆಟ ಬಿಟ್ಟದ್ದು, ದುಡ್ಡು ಕಾಣೆಯಾದದ್ದು, ಮಾರ್ಕು ಒಮ್ಮೆಲೇ ಇಳಿದದ್ದು ಒಟ್ಟಿಗೆ ಬಂದರೆ ಗಮನಿಸಿ. ಖಿನ್ನತೆಯಲ್ಲೂ ಇದೇ ಲಕ್ಷಣಗಳಿರುತ್ತವೆ. ಆಗಲೂ ಡಾಕ್ಟರು ಬೇಕು.

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಒಬ್ಬ ಹುಡುಗನ ಕಂಪಾಸ್ ಬಾಕ್ಸಿನಲ್ಲಿ ತಂಬಾಕಿನ ಪೊಟ್ಟಣ ಸಿಕ್ಕಿತು. ಅವನ ಅಪ್ಪನನ್ನು ಕರೆಸಿ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ವಿಷಯ ತೆಗೆದೆ. ಅಪ್ಪ ಅಲ್ಲೇ ಹೊಡೆದರು. ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ. ಪೊಟ್ಟಣ ಯಾರದ್ದೆಂದು ನಾನು ಅವನನ್ನು ಕೇಳಿಯೇ ಇರಲಿಲ್ಲ.

ಆದ್ದರಿಂದ ಆ ದಿನ ಉಸಿರು ತೆಗೆದುಕೊಳ್ಳಿ. ಮರುದಿನ, ಒಬ್ಬರೇ, ಬಾಗಿಲು ಹಾಕಿ ಕೇಳಿ: "ಇದು ಸಿಕ್ಕಿತು. ನನಗೆ ಹೆದರಿಕೆ ಆಗಿದೆ. ಏನಾಯಿತು ಹೇಳು." ಮೊದಲ ಉತ್ತರ ಸುಳ್ಳೂ ಇರಬಹುದು. ಇರಲಿ, ಇನ್ನೊಮ್ಮೆ ಕೇಳಿ. ಊಟದಲ್ಲಿ ಗುಟ್ಟಾಗಿ ಬೆರೆಸುವ "ಚಟ ಬಿಡಿಸುವ ಪುಡಿ"ಯ ಹಿಂದೆ ಮಾತ್ರ ಹೋಗಬೇಡಿ. ತಿಳಿಯದಂತೆ ಕೊಟ್ಟ ಮದ್ದಿನಿಂದ ಜೀವಕ್ಕೇ ಅಪಾಯ ಆಗಬಹುದು.

6. ಪ್ರಜ್ಞೆ ತಪ್ಪಿದರೆ

ಮಗ್ಗುಲಾಗಿ ಮಲಗಿಸಿ. ಮಜ್ಜಿಗೆ, ಲಿಂಬೆ ನೀರು, ಹುಳಿ ನೀರು ಏನನ್ನೂ ಕುಡಿಸಬೇಡಿ. ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ. ಏನು ತೆಗೆದುಕೊಂಡಿದ್ದಾನೆಂದು ಡಾಕ್ಟರಿಗೆ ನಿಜವನ್ನೇ ಹೇಳಿ. ಮಾತ್ರೆಯ ಸ್ಟ್ರಿಪ್ ಸಿಕ್ಕಿದರೆ ತೆಗೆದುಕೊಂಡು ಹೋಗಿ. ಮರ್ಯಾದೆಯ ಲೆಕ್ಕ ಹಾಕುತ್ತಾ ಕೂರುವ ಹೊತ್ತಲ್ಲ ಅದು.

7. ಸಹಾಯ ಎಲ್ಲಿದೆ

ಪೊಲೀಸು ಕೇಸಾಗುತ್ತದೆ ಎಂಬ ಹೆದರಿಕೆಯಿಂದ ತುಂಬಾ ಮನೆಯವರು ಚಿಕಿತ್ಸೆಗೇ ಹೋಗುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಬಳಸುತ್ತಿದ್ದವನು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಮುಗಿಸಬೇಕು, ಅಷ್ಟೇ.

ಅಮಲು ಬಿಡಿಸಲು ನೆರವಾಗುವ ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ'ಗೆ 14405. ಮಲಯಾಳದಲ್ಲಿ ಮನಸ್ಸು ಬಿಚ್ಚಿ ಹೇಳಲು ಆಗುವುದಿಲ್ಲವೇ? ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, ಕನ್ನಡ ಆರಿಸಿಕೊಳ್ಳಬಹುದು. ಮಕ್ಕಳೇ ನೇರವಾಗಿ ಮಾಡುವುದಾದರೆ ಮಕ್ಕಳ ಸಹಾಯವಾಣಿ 1098. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಅಂಗಡಿಯವನು ಮಾರುತ್ತಿದ್ದರೆ ಒಬ್ಬರೇ ಹೋಗಿ ಜಗಳ ಆಡಬೇಡಿ. ಪಿಟಿಎಯವರು, ಕುಟುಂಬಶ್ರೀ ಅಕ್ಕಂದಿರು ಒಟ್ಟಾಗಿ ವಾರ್ಡಿನ ಜಾಗ್ರತಾ ಸಮಿತಿಗೆ ಬರೆದುಕೊಡಿ.

ಬಿಟ್ಟವನು ಮೂರು ತಿಂಗಳಲ್ಲಿ ಮತ್ತೆ ಒಮ್ಮೆ ಮುಟ್ಟಬಹುದು. ಆಗ ಹೊಸದಾಗಿ ರಂಪ ಮಾಡದೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ನಂಬರುಗಳನ್ನು ಕರೆಂಟ್ ಬಿಲ್ ಸಿಕ್ಕಿಸುವ ಮೊಳೆಯ ಪಕ್ಕ ದೊಡ್ಡದಾಗಿ ಬರೆದಿಡಿ. ಮಕ್ಕಳು ಯಾರನ್ನೂ ಕೇಳದೆಯೇ ನೋಡಿಕೊಳ್ಳುವಂತಿರಬೇಕು.