ಮೈಸೂರಿನಿಂದ ವಿದೇಶ ಪ್ರಯಾಣ: ಊರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಸಂಘದ ಮಾರ್ಗದರ್ಶಿ

ವಿದೇಶದಲ್ಲಿ ಹತ್ತಾರು ವರ್ಷ ಇದ್ದು ಮೈಸೂರಿಗೆ ಮರಳಿ, ಬೋಗಾದಿ, ವಿಜಯನಗರ, ಜೆ.ಪಿ. ನಗರದ ಕಡೆ ಮನೆ ಮಾಡಿರುವ ಕುಟುಂಬಗಳು ಸಂಘಕ್ಕೆ ಮೊದಲ ಸಲ ಬಂದಾಗ ಮಕ್ಕಳ ಶಾಲೆ, ಗ್ಯಾಸ್ ಸಂಪರ್ಕ, ನಲ್ಲಿಯಲ್ಲಿ ನೀರು ಬರುವ ಹೊತ್ತು ಇಂಥವನ್ನು ವಿಚಾರಿಸುತ್ತವೆ. ಮೂರು ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಕುಟುಂಬಗಳು ಪಾಸ್‌ಪೋರ್ಟುಗಳ ಕಟ್ಟು ಹಿಡಿದು ಮತ್ತೆ ಬರುತ್ತವೆ. ಮಗನ ಪಾಸ್‌ಪೋರ್ಟ್ ಅಮೆರಿಕದ್ದು, ತಾಯಿಯದು ಭಾರತದ್ದು, ಯಜಮಾನರ ಕೆಲಸ ಇನ್ನೂ ಅಲ್ಲಿಯೇ ಇದೆ, ಅಜ್ಜಿಗೆ ಅಮೆರಿಕದಲ್ಲಿ ಕಾಯಂ ನೆಲೆಸಲು ಕೊಟ್ಟ ಗ್ರೀನ್ ಕಾರ್ಡ್ ಬೀರುವಿನಲ್ಲಿದೆ. ಇಂಥ ಮನೆಯವರು ಇಂದು ಗಡಿ ದಾಟುವಾಗ ಐದು ವರ್ಷದ ಹಿಂದಿನ ಅನುಭವವನ್ನು ನೆಚ್ಚಿಕೊಂಡು ಹೊರಡಬಾರದು ಎಂಬ ಕಾಳಜಿಯಿಂದ ಈ ಬರಹವನ್ನು ಸಿದ್ಧಪಡಿಸಿದ್ದೇವೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಆರಂಭವಾದ ಬಿಗಿ ತಪಾಸಣೆ ಒಂದೊಂದಾಗಿ ಎಲ್ಲ ದೇಶಗಳಿಗೂ ಹಬ್ಬಿತು. 2004ರ ಜನವರಿಯಿಂದ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ವಿದೇಶೀಯರ ಬೆರಳಚ್ಚು ತೆಗೆಯತೊಡಗಿದರು. 2006ರಲ್ಲಿ ದ್ರವರೂಪದ ಸ್ಫೋಟಕದ ಸಂಚೊಂದು ಲಂಡನ್ನಿನಲ್ಲಿ ಬಯಲಾದ ಮೇಲೆ ಕೈಚೀಲದಲ್ಲಿ 100 ಮಿಲಿಲೀಟರ್ ದಾಟಿದ ದ್ರವಕ್ಕೆ ತಡೆ ಬಿತ್ತು. ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆಯಿಲ್ಲದೆ ಓಡಾಡಲು ಬಿಡುವ ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಪದ್ಧತಿಯನ್ನು ಹಂತಹಂತವಾಗಿ ಕೈಬಿಟ್ಟು, ಬೆರಳಚ್ಚು ಮತ್ತು ಮುಖಚಿತ್ರವನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಆರಂಭಿಸಿದವು. ಅಲ್ಪಾವಧಿ ಪ್ರವಾಸಿಗರಿಗೆ 180 ದಿನಗಳಲ್ಲಿ 90 ದಿನ ಮಾತ್ರ ಎಂಬ ಹಳೆಯ ನಿಯಮವನ್ನು ಈಗ ಯಂತ್ರವೇ ಎಣಿಸುತ್ತದೆ. ಅಮೆರಿಕವೂ 2025ರ ಡಿಸೆಂಬರ್ 26ರಿಂದ, ಬರುವ ಮತ್ತು ಹೊರಡುವ ವಿದೇಶೀಯರೆಲ್ಲರ, ಗ್ರೀನ್ ಕಾರ್ಡ್ ಇರುವವರದೂ ಸೇರಿ, ಮುಖಚಿತ್ರ ತೆಗೆಯುವ ನಿಯಮವನ್ನು ಜಾರಿಗೆ ತಂದಿದೆ. ಈ ಬಿಗಿಯ ಹೊರೆ ಹೆಚ್ಚಾಗಿ ಬೀಳುತ್ತಿರುವುದು ಯಾವ ತಪ್ಪನ್ನೂ ಮಾಡದ, ಆದರೆ ಕಾಗದಪತ್ರಗಳು ಒಂದಕ್ಕೊಂದು ಹೊಂದದ ಅಥವಾ ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಲು ಬಾರದ ಸಾಧಾರಣ ಜನರ ಮೇಲೆ. ಆ ಹೊರೆಯ ಬಹುಪಾಲನ್ನು ಮೈಸೂರಿನ ಮನೆಯಲ್ಲಿ ಕುಳಿತೇ ಇಳಿಸಿಕೊಳ್ಳಬಹುದು.

ಹೆಸರು ಮತ್ತು ಬೆರಳು

ನಮ್ಮ ಸೀಮೆಯ ಹೆಸರುಗಳಿಗೆ ಮನೆತನದ ಹೆಸರೆಂಬುದು ಬಹುಮಟ್ಟಿಗೆ ಇಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ಇಟ್ಟ ಹೆಸರು, ಇಷ್ಟೇ ರೂಢಿ. ಮಂಡ್ಯ ಕಡೆಯ ಹಿರಿಯ ಹೆಣ್ಣುಮಕ್ಕಳ ದಾಖಲೆಗಳಲ್ಲಿ ‘ಪುಟ್ಟಮ್ಮ’ ಎಂಬ ಒಂಟಿ ಹೆಸರೇ ಇರುವುದುಂಟು. ಆಧಾರಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತೃತ ರೂಪ, ಟಿಕೆಟ್ಟಿನಲ್ಲಿ ಮಗ ಆತುರದಲ್ಲಿ ಟೈಪ್ ಮಾಡಿದ ಮೂರನೆಯ ರೂಪ ಇದ್ದರೆ, ವಿಮಾನ ಕಂಪನಿ ಮುಂಚಿತವಾಗಿ ಗಡಿಯವರಿಗೆ ಕಳುಹಿಸುವ ಪ್ರಯಾಣಿಕರ ಪಟ್ಟಿಯಲ್ಲಿ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳಾಗಿಬಿಡುತ್ತಾರೆ. ಪಾಸ್‌ಪೋರ್ಟಿನ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಟ್ಟ ಹೆಸರು ಕೊನೆಗೆ ಸರಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಕೂರುತ್ತದೆ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿದೆ. ಆದುದರಿಂದ ಮನೆಯ ಹಿರಿಯರ ಪಾಸ್‌ಪೋರ್ಟನ್ನು ಇಂದೇ ತೆರೆದು ನೋಡಿ, ಹೆಸರು ಎರಡು ಭಾಗಗಳಾಗಿ ಇಲ್ಲದಿದ್ದರೆ ಮರುವಿತರಣೆಯ ಅರ್ಜಿಯಲ್ಲಿ ಸರಿಪಡಿಸಿಕೊಳ್ಳಬೇಕು. ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಮೊದಲು ಆರಂಭವಾದ ಎರಡು ಊರುಗಳಲ್ಲಿ, 2017ರ ಜನವರಿಯಲ್ಲಿ, ಗುಜರಾತಿನ ದಾಹೋದ್ ಜೊತೆಗೆ ನಮ್ಮ ಮೈಸೂರೂ ಒಂದು. ಈ ಕೆಲಸಕ್ಕಾಗಿ ಬೆಂಗಳೂರಿನವರೆಗೆ ಅಲೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪಾಸ್‌ಪೋರ್ಟ್ ಬಂದ ಮೇಲೆಯೇ ಟಿಕೆಟ್ ಕಾದಿರಿಸಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ.

ಬೆರಳಚ್ಚಿನ ಕಷ್ಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಬ್ಬಿನ ಗದ್ದೆಯಲ್ಲಿ, ಹಟ್ಟಿಯಲ್ಲಿ, ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಅರವತ್ತು ವರ್ಷ ದುಡಿದ ಕೈಗಳ ಗೆರೆಗಳು ಸವೆದುಹೋಗಿರುತ್ತವೆ. ಗಾಜಿನ ಮೇಲೆ ನಾಲ್ಕು ಬೆರಳು ಒತ್ತಿದರೂ ಹಸಿರು ದೀಪ ಹತ್ತುವುದಿಲ್ಲ. ಹಿಂದೆ ನಿಂತವರು ಗೊಣಗತೊಡಗಿದಂತೆ ಅಜ್ಜಿಯ ಕೈ ನಡುಗುತ್ತದೆ, ನಡುಗಿದ ಕೈಯ ಗುರುತು ಇನ್ನೂ ಮಸುಕಾಗುತ್ತದೆ. ಪ್ರಯಾಣಕ್ಕೆ ಹದಿನೈದು ದಿನ ಮುಂಚಿನಿಂದ ರಾತ್ರಿ ಮಲಗುವಾಗ ಬೆರಳ ತುದಿಗೆ ಕೊಬ್ಬರಿ ಎಣ್ಣೆಯನ್ನೋ ಬೆಣ್ಣೆಯನ್ನೋ ಹಚ್ಚುತ್ತಿದ್ದರೆ ಚರ್ಮ ಮೆತ್ತಗಾಗುತ್ತದೆ. ಗಾಜಿನ ಮುಂದೆ ನಿಂತಾಗ ಕೈ ಒಣಗಿದ್ದರೆ ಹಣೆಗೆ ಒಮ್ಮೆ ಬೆರಳು ಸವರಿ ಒತ್ತಲು ಹೇಳಿಕೊಡಿ.

ಚೆನ್ನೈ ಸಂದರ್ಶನ ಮತ್ತು ಬಾಣಂತನದ ಪ್ರಶ್ನೆ

2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಅಲ್ಲಿ ಆಗ ವೀಸಾ ಸೇವೆ ಆರಂಭವಾಗಲಿಲ್ಲ. ನಮ್ಮವರು ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈಗೆ ಹೋಗುವುದು ಮುಂದುವರಿಯಿತು. 2025ರ ಸೆಪ್ಟೆಂಬರ್ 2ರಿಂದ 14 ವರ್ಷದೊಳಗಿನ ಮಕ್ಕಳಿಗೂ 79 ದಾಟಿದ ಹಿರಿಯರಿಗೂ ಇದ್ದ ಸಂದರ್ಶನದ ವಿನಾಯಿತಿ ಬಹುತೇಕ ಹೋಗಿದೆ. ಎಂಬತ್ತರ ಅಜ್ಜನನ್ನು ಕರೆದೊಯ್ಯುವವರು ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಲೆಕ್ಕ ಹಾಕಿ, ಚೆನ್ನೈಯಲ್ಲಿ ತಂಗುವ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಎಚ್‌-1ಬಿ ಎಂಬ ಅಮೆರಿಕದ ಉದ್ಯೋಗ ವೀಸಾದ ಮುದ್ರೆಗಾಗಿ ಊರಿಗೆ ಬರುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತಿದೆ. 2025ರ ಡಿಸೆಂಬರ್ 15ರಿಂದ ಅವರ ಮತ್ತು ಅವರ ಮನೆಯವರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುವ ಕ್ರಮ ಬಂದು, ಆ ತಿಂಗಳು ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಮದುವೆಗೆಂದು ಎರಡು ವಾರದ ರಜೆಯಲ್ಲಿ ಬಂದವರು ಕೆಲಸಕ್ಕೆ ಹಿಂದಿರುಗಲಾರದೆ ಇಲ್ಲಿಯೇ ಉಳಿದರು. ಹೊಸ ಮುದ್ರೆ ಬೇಕಾಗಿರುವವರು ಮದುವೆ, ಗೃಹಪ್ರವೇಶಕ್ಕಾದರೂ ಸರಿ, ತಡವಾದರೆ ಕೆಲಸದ ಗತಿ ಏನೆಂದು ಕಂಪನಿಯನ್ನು ಕೇಳದೆ ಹೊರಡಬಾರದು.

ಇಳಿದ ಊರಿನ ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೈದೇ. ಏಕೆ ಬಂದಿರಿ, ಎಲ್ಲಿ ಇರುತ್ತೀರಿ, ಎಷ್ಟು ದಿನ, ಯಾವಾಗ ಹಿಂದಿರುಗುತ್ತೀರಿ. ಮಗಳ ಹೆರಿಗೆಗೆ ಹೊರಟ ತಾಯಿ ‘ಬಾಣಂತನ ಮಾಡೋಕ್ಕೆ ಬಂದಿದ್ದೀನಿ’ ಎನ್ನುವುದು ನಮ್ಮ ಪಾಲಿಗೆ ಅತ್ಯಂತ ಸಹಜವಾದ ಮಾತು. ಅದೇ ಮಾತು ಅರ್ಧಂಬರ್ಧ ಅನುವಾದವಾಗಿ ‘ಮಗು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದಾರೆ’ ಎಂದಾದರೆ, ಪ್ರವಾಸಿ ವೀಸಾದಲ್ಲಿ ದುಡಿಯಲು ಬಂದವರೆಂಬ ಸಂಶಯಕ್ಕೆ ಎಡೆಯಾಗುತ್ತದೆ. ನಮ್ಮ ಸದಸ್ಯರೊಬ್ಬರ ತಾಯಿಯನ್ನು ಇದೇ ಕಾರಣಕ್ಕೆ ಒಳಕೋಣೆಯಲ್ಲಿ ಮೂರು ಗಂಟೆ ಕೂರಿಸಿದ್ದರು. ಆಕೆ ಮಡಿಲಲ್ಲಿ ಕಾಯದ ಪುಡಿಯ ಡಬ್ಬಿ ಇಟ್ಟುಕೊಂಡು, ಯಾರನ್ನು ಏನು ಕೇಳಬೇಕೆಂದು ತಿಳಿಯದೆ ನೀರೂ ಕುಡಿಯದೆ ಕುಳಿತಿದ್ದರು. ಸುಳ್ಳು ಹೇಳಿಕೊಡಬೇಡಿ, ಅದು ಇನ್ನೂ ದೊಡ್ಡ ಅಪಾಯ. ‘ಮಗಳಿಗೆ ಹೆರಿಗೆಯಾಗಿದೆ, ಅವಳನ್ನೂ ಮೊಮ್ಮಗುವನ್ನೂ ನೋಡಲು ಬಂದಿದ್ದೇನೆ, ಇಂಥ ತಾರೀಖಿಗೆ ಹಿಂದಿರುಗುತ್ತೇನೆ’ ಎಂಬ ನಿಜವಾದ, ಚಿಕ್ಕದಾದ, ಪೂರ್ಣ ಉತ್ತರವನ್ನು ಅವರದೇ ಮಾತಿನಲ್ಲಿ ಅಭ್ಯಾಸ ಮಾಡಿಸಿ. ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಲು ಸಂಕೋಚಪಡಬಾರದು ಎಂಬುದನ್ನೂ ಹೇಳಿಕೊಡಿ.

ಅಮೆರಿಕದ ವೀಸಾ ಹತ್ತು ವರ್ಷಕ್ಕಿದೆ ಎಂದು ನಂಬಿ ಹೆಚ್ಚು ದಿನ ಉಳಿದುಬಿಡುವವರಿದ್ದಾರೆ. ಎಷ್ಟು ದಿನ ಇರಬಹುದೆಂಬುದನ್ನು ಅಧಿಕಾರಿ ದಾಖಲಿಸುವ ತಾರೀಖು ನಿರ್ಧರಿಸುತ್ತದೆ. ಪ್ರವಾಸಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಆ ದಾಖಲೆಗೆ ಐ-94 ಎಂದು ಹೆಸರು, ಅದನ್ನು ಆನ್‌ಲೈನಿನಲ್ಲಿ ನೋಡಬಹುದು. ಆ ತಾರೀಖನ್ನು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ.

ಬೀರುವಿನಲ್ಲಿರುವ ಗ್ರೀನ್ ಕಾರ್ಡ್

ಊರಿಗೆ ಮರಳಿದ ಕುಟುಂಬಗಳು ಹೆಚ್ಚು ಎಡವುವುದು ಇಲ್ಲಿ. ವರ್ಷಕ್ಕೊಮ್ಮೆ ಹೋಗಿ ಬಂದರೆ ಕಾರ್ಡ್ ಉಳಿಯುತ್ತದೆ ಎಂಬುದು ಬಾಯಿಂದ ಬಾಯಿಗೆ ಬಂದ ತಪ್ಪು ತಿಳಿವಳಿಕೆ. ಆರು ತಿಂಗಳು ದಾಟಿದ ಗೈರುಹಾಜರಿಗೇ ಪ್ರಶ್ನೆಗಳು ಬರುತ್ತವೆ, ಒಂದು ವರ್ಷ ದಾಟಿದರೆ ಆ ಕಾರ್ಡನ್ನಷ್ಟೇ ತೋರಿಸಿ ಒಳಹೋಗಲಾಗದು. ಹೆಚ್ಚು ಕಾಲ ಇಲ್ಲಿರಬೇಕಾದವರು ಮರುಪ್ರವೇಶ ಪರವಾನಗಿಗೆ ಅಮೆರಿಕದಲ್ಲಿ ಇದ್ದಾಗಲೇ ಅರ್ಜಿ ಹಾಕಬೇಕು. ಅದು ಸಾಮಾನ್ಯವಾಗಿ ಎರಡು ವರ್ಷದವರೆಗೆ ನಡೆಯುತ್ತದೆ, ಮೈಸೂರಿಗೆ ಬಂದ ಮೇಲೆ ಅರ್ಜಿ ಹಾಕಲು ಬರುವುದಿಲ್ಲ. ವಯಸ್ಸಾದವರ ಮುಂದೆ ಗಡಿ ಅಧಿಕಾರಿಗಳು ಐ-407 ಎಂಬ ನಮೂನೆಯನ್ನು ಇಟ್ಟು ಸಹಿ ಕೇಳುವ ಸಂದರ್ಭಗಳುಂಟು. ಅದಕ್ಕೆ ಸಹಿ ಹಾಕುವುದೆಂದರೆ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಂತೆ. ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದೆಂದು ನಮ್ಮ ಹಿರಿಯರು ಸಾಲಪತ್ರದ ವಿಷಯದಲ್ಲಿ ಹೇಳುತ್ತಿದ್ದ ಎಚ್ಚರ ಇಲ್ಲಿಯೂ ಬೇಕು.

ವಿದೇಶಿ ಪಾಸ್‌ಪೋರ್ಟಿನ ಮಕ್ಕಳು ಓಸಿಐ ಕಾರ್ಡನ್ನೂ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನೂ ಒಟ್ಟಿಗೆ ಒಯ್ಯಬೇಕು. 20 ವರ್ಷದವರೆಗೆ ಪ್ರತಿ ಸಲ ಪಾಸ್‌ಪೋರ್ಟ್ ಬದಲಾದಾಗಲೂ ಅದರ ಪ್ರತಿಯನ್ನು ಓಸಿಐ ಜಾಲತಾಣಕ್ಕೆ ಸೇರಿಸಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ.

ಚೀಲ, ಫೋನು, ದಾರಿ

ಚಟ್ನಿಪುಡಿಗೆಂದು ಕಟ್ಟಿಕೊಡುವ ಒಣಕೊಬ್ಬರಿ ಗಿಟುಕುಗಳನ್ನು ಮನೆಯಲ್ಲೇ ಬಿಡಿ. ಎಣ್ಣೆಯಂಶದಿಂದ ತಾನೇ ಕಾದು ಹೊತ್ತಿಕೊಳ್ಳಬಲ್ಲದೆಂದು ಅದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಗಸಗಸೆ ನಮಗೆ ಹಬ್ಬದ ಪಾಯಸ, ದುಬೈ, ಅಬುಧಾಬಿಗಳಲ್ಲಿ ಅದು ಮಾದಕವಸ್ತುವಿನ ಸಾಲಿಗೆ ಸೇರುತ್ತದೆ. ಮೈಸೂರು ವೀಳ್ಯದೆಲೆಗೂ ಅಲ್ಲಿ ಪ್ರವೇಶವಿಲ್ಲ. ಆಸ್ಟ್ರೇಲಿಯಕ್ಕೆ ಹಾಲು, ತುಪ್ಪದ ಸಿಹಿಯನ್ನು ಒಯ್ಯಲೇಬೇಡಿ. ಉಳಿದ ತಿನಿಸು ಇದೆ ಎಂದು ಘೋಷಿಸಿದರೆ ಸಾಮಾನ್ಯವಾಗಿ ಹೆಚ್ಚೆಂದರೆ ಅದು ಕಸದ ಬುಟ್ಟಿ ಸೇರೀತು, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಔಷಧಗಳು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಇರಲಿ.

ಫೋನನ್ನು ಅಧಿಕಾರಿಗಳು ಕೇಳಬಹುದು. ಅಮೆರಿಕದಲ್ಲಿ 2024ರ ಆರ್ಥಿಕ ವರ್ಷದಲ್ಲಿ ಬಂದುಹೋದ ಸುಮಾರು 42 ಕೋಟಿ ಪ್ರಯಾಣಿಕರ ಪೈಕಿ ಸುಮಾರು 47,000 ಸಾಧನಗಳನ್ನು ಪರಿಶೀಲಿಸಿದರು. ಭಯಪಡುವಷ್ಟು ಸಂಖ್ಯೆ ಅದಲ್ಲ.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಭಾರತೀಯರಿಗೂ ಓಸಿಐ ಇರುವವರಿಗೂ 2025ರ ಜನವರಿಯಿಂದ ತ್ವರಿತ ವಲಸೆ ತಪಾಸಣೆಯ ಸೌಲಭ್ಯವಿದೆ, ಶುಲ್ಕವಿಲ್ಲ. ಮುಂಚಿತವಾಗಿ ಆನ್‌ಲೈನಿನಲ್ಲಿ ನೋಂದಾಯಿಸಿ ಬೆರಳಚ್ಚು ಕೊಡಬೇಕು. ಇಲ್ಲಿಂದ ಫ್ಲೈಬಸ್ಸಿನಲ್ಲಿ ಹೊರಟರೆ ನಾಲ್ಕು ಗಂಟೆಗೂ ಹೆಚ್ಚು ಹಿಡಿಯಬಹುದು, ವಿಮಾನಕ್ಕೆ ಮೂರೂವರೆ ಗಂಟೆ ಮುಂಚೆ ಅಲ್ಲಿರುವಂತೆ ಎಣಿಸಿ. ಹಿರಿಯರಿಗೆ ನಡೆಯಲು ಬಂದರೂ ಗಾಲಿಕುರ್ಚಿ ಕೇಳಿಕೊಳ್ಳಿ, ಸಾಲುಗಳ ನಡುವೆ ದಾರಿ ತೋರಿಸುವವರೊಬ್ಬರು ಜೊತೆಗಿರುತ್ತಾರೆ. ಹೊರಡುವ ಹಿಂದಿನ ಸಂಜೆ ಒಂದು ಹಾಳೆಯಲ್ಲಿ ಮಗಳ ಮನೆಯ ವಿಳಾಸ, ಎರಡು ಫೋನ್ ಸಂಖ್ಯೆ, ಹಿಂದಿರುಗುವ ತಾರೀಖು, ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನು ಒಂದು ಕಡೆ ಇಂಗ್ಲಿಷಿನಲ್ಲೂ ಇನ್ನೊಂದು ಕಡೆ ಕನ್ನಡದಲ್ಲೂ ದಪ್ಪ ಅಕ್ಷರದಲ್ಲಿ ಬರೆದು, ಪಾಸ್‌ಪೋರ್ಟಿನ ಹೊದಿಕೆಯೊಳಗೆ ಮಡಚಿಡಿ. ಅದು ಎಲ್ಲಿದೆ ಎಂಬುದನ್ನು ಅವರ ಕೈಯಿಂದಲೇ ಒಮ್ಮೆ ತೆಗೆಸಿ ನೋಡಿ.