ಕೋತಿಯ ರೆಪ್ಪೆಯಲ್ಲಿ ಕಾಣದೆ ಹೋದ ನಾಳಗಳು

ಅಂಗಾಂಶದ ಹೆಚ್ಚುವರಿ ದ್ರವವನ್ನು ಹೊತ್ತೊಯ್ಯುವ, ಕಣ್ಣುರೆಪ್ಪೆಯ ದುಗ್ಧರಸ (ಲಿಂಫ್) ನಾಳ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ನಾಳಗಳ ಗೋಡೆ ಒಂದೇ ಪದರ ಜೀವಕೋಶದ್ದು, ಒಳಗೆ ಸಾಮಾನ್ಯವಾಗಿ ಕೆಂಪು ರಕ್ತಕಣಗಳಿರುವುದಿಲ್ಲ. ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶದಲ್ಲಿ ಅದು ಮುದುಡಿಕೊಂಡು ಸಣ್ಣ ಬಿರುಕಿನ ಹಾಗೆ ಕಾಣುತ್ತದೆ.

ದಾನವಾಗಿ ಬಂದ ದೇಹಗಳ ರೆಪ್ಪೆಗಳನ್ನೂ ಬೇರೆ ಅಧ್ಯಯನ ಮುಗಿದ ಮೇಲೆ ಉಳಿದ ಮಕಾಕ್ ಕೋತಿಗಳ ರೆಪ್ಪೆಗಳನ್ನೂ ಹೋಲಿಸಲು ಹೊರಟಿದ್ದೆ. ಚರ್ಮದಿಂದ ರೆಪ್ಪೆಯ ಒಳಮೈಯ ಪೊರೆಯಾದ ಕಂಜಂಕ್ಟೈವಾದವರೆಗೆ ಪೂರ್ತಿ ದಪ್ಪ ಬರುವಂತೆ 5 ಮೈಕ್ರೊಮೀಟರ್ ಸೀಳುಗಳನ್ನು ತೆಗೆದು, ದುಗ್ಧರಸ ನಾಳದ ಗೋಡೆಯ ಕೋಶಗಳಲ್ಲಿರುವ ಪೊಡೊಪ್ಲಾನಿನ್ ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯದಿಂದ (ಆಂಟಿಬಾಡಿ) ಬಣ್ಣ ಹಾಕಿದೆ. ಮನುಷ್ಯನ ಸ್ಲೈಡಿನಲ್ಲಿ ರೆಪ್ಪೆಗೆ ಗಡಸುತನ ಕೊಡುವ ಟಾರ್ಸಸ್ ತಟ್ಟೆಯ ಮುಂದೊಂದು, ಹಿಂದೊಂದು ಜಾಲ ಕಂದು ಬಣ್ಣದಲ್ಲಿ ಎದ್ದು ಕಂಡವು. ಕೋತಿಯ ಸ್ಲೈಡಿನಲ್ಲಿ ಏನೂ ಇರಲಿಲ್ಲ. ‘ಹಿಂಬದಿಯ ಜಾಲ ಇಲ್ಲ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಬಿಟ್ಟಿದ್ದೆ. ಆದರೆ ಚರ್ಮದ ಕೆಳಗೂ ಒಂದೇ ಒಂದು ನಾಳ ಸಿಗದಿದ್ದಾಗ ಅನುಮಾನ ಬಂತು. ಅದೇ ಪ್ರಾಣಿಯ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಅದೇ ಬಣ್ಣ ಹಾಕಿ ನೋಡಿದೆ. ನಾಳಗಳು ತುಂಬಿರಬೇಕಾದ ಆ ಗ್ರಂಥಿಯೂ ಖಾಲಿಯಾಗಿಯೇ ಕಂಡಿತು! ಮನುಷ್ಯನ ಪ್ರೋಟೀನಿಗೆಂದು ತಯಾರಾದ ಆ ಪ್ರತಿಕಾಯ ನನ್ನ ಕೋತಿಯ ಅಂಗಾಂಶದಲ್ಲಿ ಕೆಲಸ ಮಾಡಿರಲಿಲ್ಲ. ಬೇರೊಂದು ಪ್ರತಿಕಾಯ ಬಳಸಿದಾಗ ಮೊದಲು ಗ್ರಂಥಿಯಲ್ಲಿ ಬಣ್ಣ ಮೂಡಿತು, ಆಮೇಲೆ ಕಂಜಂಕ್ಟೈವಾದ ಅಡಿಯಲ್ಲೇ ತೆಳ್ಳನೆಯ ಕಂದು ಗೆರೆಗಳು ಕಾಣಿಸಿಕೊಂಡವು. ಬರೆದಿದ್ದ ಸಾಲನ್ನು ಹೊಡೆದುಹಾಕಿದೆ. ಅಂದಿನಿಂದ ಪ್ರತಿ ಸರದಿಯಲ್ಲೂ ಅದೇ ಜಾತಿಯ ಪ್ರಾಣಿಯ ದುಗ್ಧರಸ ಗ್ರಂಥಿಯ ಸೀಳೊಂದು ಜೊತೆಗಿರುತ್ತದೆ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ರೆಪ್ಪೆಯೊಳಗೆ ಎಣ್ಣೆ ಸ್ರವಿಸುವ ಮೈಬೋಮಿಯನ್ ಗ್ರಂಥಿಗಳ ಅಂಚಿನ ಕೋಶಗಳೂ ಪೊಡೊಪ್ಲಾನಿನ್ ಬಣ್ಣ ಹಿಡಿಯಬಲ್ಲವು. ದುಗ್ಧರಸ ನಾಳಗಳ ಇನ್ನೊಂದು ಗುರುತಾದ ಲೈವ್-1ರ ಬಣ್ಣವನ್ನು ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳೂ ಹಿಡಿಯುತ್ತವೆ. ಹಾಗಾಗಿ ಎರಡೂ ಬಣ್ಣ ಹಿಡಿದು, ನಡುವೆ ಪೊಳ್ಳು ಸ್ಪಷ್ಟವಾಗಿದ್ದರೆ ಮಾತ್ರ ಅದನ್ನು ನಾಳವೆಂದು ಎಣಿಸುತ್ತೇನೆ.

ಅಳತೆಯ ವಿಷಯ ಬೇಗ ಬಗೆಹರಿಯಿತು. ಮನುಷ್ಯನ ಮೇಲ್ರೆಪ್ಪೆಯ ಟಾರ್ಸಸ್ ನಡುಭಾಗದಲ್ಲಿ ಸುಮಾರು 10 ಮಿಲಿಮೀಟರ್ ಎತ್ತರ, ಕೋತಿಯದು ಚಿಕ್ಕದು. ರೆಪ್ಪೆಯಂಚಿನಿಂದ ಮಿಲಿಮೀಟರ್ ಎಣಿಸುವ ಬದಲು, ಟಾರ್ಸಸ್ಸಿನ ಎತ್ತರವನ್ನೇ ಮೂರು ಪಾಲು ಮಾಡಿ ಪಾಲಿಗೆ ಪಾಲನ್ನು ಹೋಲಿಸಿದೆ.

ರೆಪ್ಪೆಯ ಹೊರಭಾಗದ ದುಗ್ಧರಸ ಕಿವಿಯ ಮುಂದಿನ ಗ್ರಂಥಿಗಳಿಗೆ, ಒಳಭಾಗದ್ದು ದವಡೆಯ ಕೆಳಗಿನವಕ್ಕೆ ಹರಿಯುತ್ತದೆ ಎಂದು ಪಠ್ಯಗಳು ಹೇಳುತ್ತವೆ. ರೆಪ್ಪೆಯ ಕ್ಯಾನ್ಸರ್ ಮೊದಲು ಯಾವ ಗ್ರಂಥಿಗೆ ಹರಡಬಹುದೆಂದು ಹುಡುಕುವ ಶಸ್ತ್ರವೈದ್ಯರಿಗೆ ಈ ದಾರಿ ಬಹಳ ಮುಖ್ಯ. ಆದರೆ ಸ್ಲೈಡಿನಲ್ಲಿ ಕಾಣುವುದು ನಾಳ ಇರುವ ಜಾಗ ಮಾತ್ರ, ರಸ ಹರಿಯುವ ದಿಕ್ಕಲ್ಲ. ಆದ್ದರಿಂದ ನನ್ನ ಚಿತ್ರಗಳಲ್ಲಿ ನಾಳಗಳಿವೆ, ಬಾಣದ ಗುರುತುಗಳಿಲ್ಲ.