ಕರೆ ಕಟ್ ಮಾಡಿ, ನೀವೇ ತಿರುಗಿ ಮಾಡಿ

ಪರದೆಯ ಮೇಲೆ ನಿಮ್ಮ ಬ್ಯಾಂಕಿನ ಹೆಸರೇ ಬಂದರೂ ಕರೆ ಬ್ಯಾಂಕಿನದೇ ಎಂದು ನಂಬಬೇಡಿ. ಇಂಟರ್ನೆಟ್ ಮೂಲಕ ಕರೆ ಮಾಡುವವರು ತಮಗೆ ಬೇಕಾದ ನಂಬರನ್ನು ತೋರಿಸಬಲ್ಲರು. ನಿಮ್ಮ ಹುಟ್ಟಿದ ದಿನ, ವಿಳಾಸ, ಕಾರ್ಡಿನ ಕೊನೆಯ 4 ಅಂಕಿಗಳನ್ನು ಪಟಪಟನೆ ಹೇಳಿದರೂ ಅಷ್ಟೇ. ಇವೆಲ್ಲ ಎಲ್ಲಿಂದಲೋ ಸೋರಿದ ಪಟ್ಟಿಗಳಲ್ಲಿ ಇರುತ್ತವೆ. ಅವರ ಬಳಿ ಇಲ್ಲದಿರುವುದು ಪಿನ್, ಪಾಸ್‌ವರ್ಡ್, ಒಟಿಪಿ. ಕರೆ ಮಾಡಿರುವುದೇ ಅದಕ್ಕಾಗಿ.

ಕರೆ ಕಟ್ ಮಾಡಿ, ಕಾರ್ಡಿನ ಹಿಂಬದಿ ಅಚ್ಚಾಗಿರುವ ನಂಬರಿಗೆ ನೀವೇ ಡಯಲ್ ಮಾಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ವಂಚಕರು ತಮ್ಮ ನಂಬರನ್ನು ಅಲ್ಲೂ ಹಾಕಿರುತ್ತಾರೆ. ಮನೆಯವರ ದನಿಯಲ್ಲೇ ಅಳುತ್ತಾ ಹಣ ಕೇಳಿದರೂ ಇದೇ ಕ್ರಮ, ಏಕೆಂದರೆ ದನಿಯನ್ನೂ ಈಗ ನಕಲು ಮಾಡುತ್ತಾರೆ. ನಿಮ್ಮಲ್ಲಿ ಮೊದಲಿನಿಂದ ಇರುವ ಅವರ ನಂಬರಿಗೇ ಕರೆ ಮಾಡಿ ವಿಚಾರಿಸಿ.

ಒಟಿಪಿ ಬಂದಾಗ ಬರೀ ಅಂಕಿ ನೋಡಬೇಡಿ, ಮೆಸೇಜನ್ನು ಕೊನೆಯವರೆಗೆ ಓದಿ. ಆಚೆ ಕಡೆಯವನು ‘ಹಣ ವಾಪಸ್ ಹಾಕುತ್ತಿದ್ದೇವೆ’ ಎನ್ನುತ್ತಿರುತ್ತಾನೆ, ಮೆಸೇಜಿನಲ್ಲಿ ಹಣ ಪಾವತಿಗೆ ಎಂದು ಬರೆದಿರುತ್ತದೆ. ಮಾತನಾಡುತ್ತಲೇ ಓದುವುದರಿಂದ ಆ ಸಾಲು ಕಣ್ಣಿಗೆ ಬೀಳುವುದಿಲ್ಲ. ಅವಸರಪಡಿಸುವುದೂ ಅದಕ್ಕೇ.

*21* ಅಥವಾ **21* ಎಂದು ಶುರುವಾಗುವ ಕೋಡ್ ಒತ್ತಲು ಹೇಳಿದರೆ ಒತ್ತಲೇಬೇಡಿ. ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಕರೆಯ ಮೂಲಕ ತಿಳಿಸುವ ಒಟಿಪಿಯೂ ಅವರಿಗೇ ಹೋಗುತ್ತದೆ. ಅನುಮಾನವಿದ್ದರೆ *#21# ಒತ್ತಿ ನೋಡಿ. ಕರೆಗಳು ಬೇರೆ ನಂಬರಿಗೆ ತಿರುಗಿದ್ದರೆ ##002# ಒತ್ತಿ ರದ್ದು ಮಾಡಿ. ಜಿಎಸ್‌ಎಂ ಎಂಬ ಬಗೆಯ ಮೊಬೈಲ್ ಜಾಲಗಳಲ್ಲಿ ಸಾಮಾನ್ಯವಾಗಿ ಇವು ಕೆಲಸ ಮಾಡುತ್ತವೆ, ಮಾಡದಿದ್ದರೆ ಸಿಮ್ ಕಂಪನಿಯನ್ನೇ ಕೇಳಿ.

ಸುತ್ತಲಿನವರಿಗೆಲ್ಲ ಸಿಗ್ನಲ್ ಇದ್ದು ನಿಮ್ಮ ಫೋನಿನಲ್ಲಿ ಮಾತ್ರ ಇದ್ದಕ್ಕಿದ್ದಂತೆ ಮಾಯವಾದರೆ ನಾಳೆ ನೋಡೋಣ ಎಂದು ಬಿಡಬೇಡಿ. ನಿಮ್ಮದೇ ನಂಬರಿಗೆ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹೊಸ ಸಿಮ್ ಪಡೆದಿರಬಹುದು, ಆಗ ನಿಮ್ಮ ಎಸ್‌ಎಂಎಸ್‌ಗಳೂ ಅವರಿಗೇ ಹೋಗುತ್ತವೆ. ಇನ್ನೊಂದು ಫೋನಿನಿಂದ ಮೊದಲು ಬ್ಯಾಂಕಿಗೆ, ಆಮೇಲೆ ಸಿಮ್ ಕಂಪನಿಗೆ ತಿಳಿಸಿ. ಈ ಭಯ ಇರುವುದರಿಂದಲೇ ಇಮೇಲ್ ಭದ್ರತೆಗೆ ಎಸ್‌ಎಂಎಸ್ ಒಟಿಪಿಗಿಂತ, ಲಾಗಿನ್ ಕೋಡನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ಅದರ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸಿಮ್‌ಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲಕ್ಕಿಂತ ಮೊದಲು ಇಮೇಲನ್ನೇ ಭದ್ರ ಮಾಡಿ. ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.

ಗುರುತಿನ ಚೀಟಿಯ ಪ್ರತಿ ಕೊಡಲೇಬೇಕಾದರೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೇ ಅಡ್ಡಲಾಗಿ ಬರೆಯಿರಿ. ಅಕ್ಷರಗಳು ಚೀಟಿಯ ಚಿತ್ರದ ಮೇಲೂ ಹಾಯಬೇಕು, ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯುತ್ತಾರೆ.

ನಿಮ್ಮ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸಿಕೊಂಡು ಮೋಸಹೋದರೆ ಹೆಚ್ಚಿನವರು ಮಾಡುವ ತಪ್ಪು, ಗಾಬರಿಯಲ್ಲಿ ಅದೇ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸುವುದು. ಹೊಸದನ್ನೂ ವಂಚಕ ನೋಡುತ್ತಿರುತ್ತಾನೆ. ಮೊದಲು ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಖಾತೆ ತಡೆಹಿಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಪಾಸ್‌ವರ್ಡ್‌ಗಳನ್ನೂ ಬೇರೆ ಸಾಧನದಿಂದಲೇ ಬದಲಿಸಿ. ಕರೆ ಬಂದ ಸಮಯ, ನಂಬರ್, ಆ್ಯಪಿನ ಹೆಸರು, ಮೆಸೇಜ್‌ಗಳ ಫೋಟೊ ತೆಗೆದುಕೊಂಡ ಮೇಲಷ್ಟೇ ಆ್ಯಪ್ ಅಳಿಸಿ. ಪೊಲೀಸರಿಗೆ ದೂರು ಕೊಡುವಾಗ ಅವೆಲ್ಲ ಬೇಕಾಗುತ್ತವೆ.